ಪನ್ಹಾಳದಿಂದ ಪಾವನಖಿಂಡಕ್ಕೆ: ಮಳೆಗಾಲದಲ್ಲಿ ಗುಡ್ಡದ ಮನೆಗಳ ವಸ್ತಿ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ನಮ್ಮಂಥ ಊರುಗಳಿಗೆ ಸಹ್ಯಾದ್ರಿಯ ಸುದ್ದಿ ತರುವುದು ಮಹಾಪೂರ. ಅಲ್ಲಿ ಮೇಲೆ ಮಳೆ ಬಿಡದೆ ಹೊಡೆದರೆ ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಲ್ಲ ಕೂಡಿ ಪಂಚಗಂಗೆಯಾಗಿ ಕೊಲ್ಹಾಪುರ ದಾಟಿ ಬರುತ್ತವೆ. ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರುತ್ತವೆ. ಕೃಷ್ಣೆಯೂ ತುಂಬಿದ್ದರೆ ನೀರು ಹಿಂದೆ ಒತ್ತಿ ಕಬ್ಬಿನ ಹೊಲಕ್ಕೆ, ಆಮೇಲೆ ಓಣಿಗೆ, ಆಮೇಲೆ ಮನೆಗೆ. 2005, 2019, 2021 ಅಂದರೆ ಸಾಕು, ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೀಗಿರುವಾಗ ಮಳೆಗಾಲದಲ್ಲಿ ಅದೇ ಗುಡ್ಡಕ್ಕೆ ನಡೆದು ಹೋಗುತ್ತೇವೆ ಅಂದರೆ ಮನೆಯವರು ಬೈಯದೆ ಇರುತ್ತಾರಾ? ಬೈದರು. ಬೈಯುತ್ತಲೇ ಬುತ್ತಿ ಕಟ್ಟಿಕೊಟ್ಟರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಪೆಂಟಿ ಬೆಲ್ಲ.

ದಾರಿ ಹೊಸದೇನಲ್ಲ. ಬಿಜಾಪುರದ ಸರದಾರ ಸಿದ್ದಿ ಜೌಹರ್ ತಿಂಗಳುಗಟ್ಟಲೆ ಪನ್ಹಾಳಕ್ಕೆ ಮುತ್ತಿಗೆ ಹಾಕಿ ಕೂತಿದ್ದಾಗ, 1660ರ ಜುಲೈ 12ರ ರಾತ್ರಿ ಶಿವಾಜಿ ಮಹಾರಾಜರು ಮಳೆಯಲ್ಲೇ ಕೋಟೆ ಇಳಿದು ವಿಶಾಳಗಡ ಕೋಟೆಯ ಕಡೆ ಹೊರಟ ದಾರಿ ಇದು. ಪಾವನಖಿಂಡ ಆ ದಾರಿಯಲ್ಲೇ ಬರುವ ಇಕ್ಕಟ್ಟಾದ ಕಣಿವೆ. ಕಾಡುದಾರಿಯಲ್ಲಿ ಸುಮಾರು 60 ಕಿ.ಮೀ. ಆ ದಿನದ ನೆನಪಿಗೆ ಪ್ರತಿ ಜುಲೈನಲ್ಲಿ ದೊಡ್ಡ ದೊಡ್ಡ ಗುಂಪುಗಳು ಇಲ್ಲಿ ನಡೆಯುತ್ತವೆ. ಭಗವಾ ಝಂಡಾ, ಹಲಗಿ, ಘೋಷಣೆ, ಶಾಲೆಯ ವರಾಂಡದಲ್ಲಿ ನೂರಾರು ಜನರ ಮಲಗು. ಅದರ ಮಜಾ ಬೇರೆ. ನಮಗೆ ಬೇಕಿದ್ದದ್ದು ಆ ಗದ್ದಲ ಮುಗಿದ ಮೇಲಿನ ದಾರಿ. ಹಾಗಾಗಿ ಜುಲೈ ಕೊನೆಗೆ, ವಾರದ ನಡುವೆ, ನಾಲ್ಕೇ ಜನ ಹೊರಟೆವು.

ಹಿಮಾಲಯದ ಟ್ರೆಕ್ಕಿಂಗ್ ಮಾಡಿ ಬಂದವರು ಅಲ್ಲಿನ ಗುಡಿಸಲುಗಳ ಬಗ್ಗೆ ಹೇಳುತ್ತಾರೆ: ಬಂಕ್ ಮಂಚ, ಮೆನು ಕಾರ್ಡು, ಬಿಸಿನೀರಿನ ಬಕೆಟ್ಟಿಗೆ ಬೇರೆ ರೇಟು. ನಮ್ಮ ಈ ಗುಡ್ಡಗಳಲ್ಲಿ ಅದನ್ನು ನೆನಪಿಟ್ಟುಕೊಂಡು ಹೋಗಬೇಡಿ. ಇಲ್ಲಿ ಗುಡಿಸಲು ಅಂದರೆ ಯಾರದೋ ಮನೆ. ನೀವು ಬಂದಿರಿ ಅಂತ ಆ ಮನೆಯ ಕೆಲಸ ನಿಲ್ಲುವುದಿಲ್ಲ. ನೀವೇ ಆ ಕೆಲಸದ ನಡುವೆ ಜಾಗ ಮಾಡಿಕೊಂಡು ಕೂರಬೇಕು.

ಮೊದಲ ದಿನ

ಕೊಲ್ಹಾಪುರದಿಂದ ಪನ್ಹಾಳ 20 ಕಿ.ಮೀ. ಎಸ್‌ಟಿ ಬಸ್ಸು ಇಳಿದಾಗಲೇ ಮಂಜು. ಮಹಾರಾಜರ ಸರದಾರ ಬಾಜಿ ಪ್ರಭು ದೇಶಪಾಂಡೆ ಅವರ ಎರಡೂ ಕೈಯಲ್ಲಿ ಕತ್ತಿ ಹಿಡಿದ ಪ್ರತಿಮೆ ಕಂಡಿತು, ಅದರ ಹಿಂದಿನದು ಏನೂ ಕಾಣಲಿಲ್ಲ. ಈ ಕೋಟೆ ಕಟ್ಟಿಸಿದ್ದು ಶಿಲಾಹಾರರ ಎರಡನೆಯ ಭೋಜ, 12ನೆಯ ಶತಮಾನದ ಕೊನೆಯಲ್ಲಿ. ನಮ್ಮ ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ಗುಡಿಗೂ ಶಿಲಾಹಾರರಿಗೂ ನಂಟಿದೆ, ಅಲ್ಲಿ ಕನ್ನಡ ಶಾಸನಗಳೂ ಇವೆ. 2025ರ ಜುಲೈನಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಪನ್ಹಾಳವೂ ಅದರಲ್ಲಿದೆ. ತೀನ್ ದರವಾಜಾ, ಅಂಬರಖಾನಾ ಎಲ್ಲ ನೋಡಿಯೇ ಹೊರಡೋಣ ಅಂದ ಒಬ್ಬ. ಮಂಜಿನಲ್ಲಿ ಏನು ನೋಡುತ್ತೀಯ ಅಂತ ಉಳಿದವರು ಎಳೆದುಕೊಂಡು ಹೊರಟೆವು.

ಕೋಟೆಯ ರಾಜದಿಂಡಿ ಬಾಗಿಲಿನಿಂದ ಇಳಿಯುವ ಜಾಗ ಕಡಿದು. ಕಲ್ಲಿನ ಮೇಲೆ ಪಾಚಿ. ಕೆಳಗೆ ಮ್ಹಾಳುಂಗೆ ಊರು, ಅಲ್ಲಿಂದ ಮತ್ತೆ ಏರಿದರೆ ಮಸಾಯಿ ಪಠಾರ. ಜಂಬಿಟ್ಟಿಗೆ ಕಲ್ಲಿನ ದೊಡ್ಡ ಬಯಲು, ನಡೆದಷ್ಟೂ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಮರವಿಲ್ಲ, ಗುರುತಿಲ್ಲ, ಗಾಳಿಗೆ ಮಳೆ ಅಡ್ಡಡ್ಡ ಬರುತ್ತದೆ. ಛತ್ರಿ ತಂದಿದ್ದ ಗೆಳೆಯನ ಛತ್ರಿ ಹತ್ತು ನಿಮಿಷದಲ್ಲಿ ಮಗುಚಿತು. ಅದನ್ನು ಕೋಲು ಮಾಡಿಕೊಂಡ. ಪೊನ್ಚೊ ಇಲ್ಲಿಗೆ ಆಗುವುದಿಲ್ಲ, ಗಾಳಿ ಎತ್ತಿ ಮುಖಕ್ಕೆ ಹೊಡೆಯುತ್ತದೆ. ರೇನ್‌ಕೋಟೇ ಬೇಕು. ಅದೂ ಒಂದು ಗಂಟೆಯ ಮಾತು, ಆಮೇಲೆ ಒಳಗೆ ಬೆವರು, ಹೊರಗೆ ಮಳೆ, ಎರಡೂ ಒಂದೇ. ಮಸಾಯಿ ದೇವಿಯ ಗುಡಿಯಲ್ಲಿ ಕೂತು ರೊಟ್ಟಿ ಮುರಿದು ತಿಂದೆವು. ಕಡಕ್ ರೊಟ್ಟಿ ಮೊದಲ ಸಲ ಮೆತ್ತಗಾಗಿದ್ದನ್ನು ಕಂಡೆ.

ಪಠಾರ ಇಳಿದರೆ ಕುಂಬಾರವಾಡಿ, ಖೋತವಾಡಿ, ಹೀಗೆ ಸಣ್ಣ ಸಣ್ಣ ವಾಡಿಗಳು. ವಾಡಿ ಅಂದರೆ ಹತ್ತಿಪ್ಪತ್ತು ಮನೆ, ಒಂದು ಶಾಲೆ, ಒಂದು ಗುಡಿ. ಸಂಜೆ ನಾಲ್ಕೂವರೆಗೇ ವಸ್ತಿ ಕೇಳಲು ಶುರು ಮಾಡಿದೆವು. ಇದು ಮುಖ್ಯ. ಬೆಳಕಿದ್ದಾಗ ಬಾಗಿಲಿಗೆ ಬಂದವರು ನೆಂಟರು, ಕತ್ತಲಾದ ಮೇಲೆ ಬಂದವರು ತೊಂದರೆ. ಗಂಡಸರು ಹೊಲದಲ್ಲಿದ್ದರೆ ಹೆಂಗಸರು ಹೂಂ ಅನ್ನಲು ಹಿಂದೆ ಮುಂದೆ ನೋಡುತ್ತಾರೆ, ಅದು ಸಹಜ. ನಾವು ಗುಡಿಯ ಕಟ್ಟೆಯಲ್ಲಿ ಕೂತು ಕಾದೆವು. ಯಾರೋ ನೋಡಿದರು, ಯಾರೋ ಯಾರಿಗೋ ಹೇಳಿದರು, ಅರ್ಧ ಗಂಟೆಯಲ್ಲಿ ಒಬ್ಬ ಹುಡುಗ ಬಂದು ಕರೆದ.

ಮನೆ ಹೇಗಿತ್ತು ಹೇಳುತ್ತೇನೆ. ಕೆಂಪು ಕಲ್ಲು, ಮಣ್ಣಿನ ಗೋಡೆ, ಮಂಗಳೂರು ಹಂಚು. ಮುಂದೆ ಪಡಸಾಲೆ. ಅದರ ಒಂದು ಬದಿಗೆ, ಸೊಂಟದೆತ್ತರದ ಗೋಡೆಯಾಚೆ, ಗೋದಲಿ. ಎರಡು ಎಮ್ಮೆ, ಒಂದು ಜೊತೆ ಎತ್ತು, ಎಲ್ಲ ಒಂದೇ ಸೂರಿನಡಿ. ಇನ್ನೊಂದು ಬದಿಗೆ ಮೇಲಿನ ತೊಲೆ ಮುಟ್ಟುವಷ್ಟು ಕಟ್ಟಿಗೆ ಪೇರಿಸಿದ್ದರು. ಮೇ ತಿಂಗಳಲ್ಲೇ ಕಡಿದು ಒಣಗಿಸಿದ್ದು, ದಸರಾದವರೆಗೆ ಬರಬೇಕು. ಒಳಗೆ ಒಲೆ. ಒಲೆಯ ಮೇಲೆ ಆಳೆತ್ತರದಲ್ಲಿ ಬಿದಿರಿನ ತಟ್ಟಿ ತೂಗುಬಿಟ್ಟಿದ್ದರು. ಅದರ ಮೇಲೆ ಬೀಜದ ಮೆಕ್ಕೆಜೋಳದ ತೆನೆ, ಒಣಮೀನಿನ ಗಂಟು, ಒದ್ದೆ ಬೆಂಕಿಪೊಟ್ಟಣ, ಯಾರದೋ ಶಾಲೆಯ ಪುಸ್ತಕ. ಮನೆಯಲ್ಲಿ ಒಣಗಬೇಕಾದ್ದೆಲ್ಲ ಅಲ್ಲೇ. ಹೊಗೆ ಹಂಚಿನ ಸಂದಿಯಿಂದ ತಾನೇ ಹೋಗುತ್ತದೆ. ಹೋಗುವವರೆಗೆ ನಮ್ಮ ಕಣ್ಣಲ್ಲಿರುತ್ತದೆ.

ಮನೆಯ ಅಜ್ಜಿ ಮಾಡಿದ ಮೊದಲ ಕೆಲಸ ನಮ್ಮ ಕಾಲು ನೋಡಿದ್ದು. ಎರಡನೆಯದು ಸಾಕ್ಸ್ ಕೇಳಿದ್ದು. ನಾಚಿಕೆ ಪಟ್ಟುಕೊಂಡು ಕೊಟ್ಟೆವು. ಹಿಂಡಿ, ಬಿಡಿಸಿ, ಆ ತಟ್ಟಿಯ ಅಂಚಿಗೆ ಒಂದೊಂದಾಗಿ ನೇತುಹಾಕಿದಳು. ಬೆಳಿಗ್ಗೆ ಅವು ಮುಕ್ಕಾಲು ಒಣಗಿದ್ದವು, ಹೊಗೆಯ ಮತ್ತು ಒಣಮೀನಿನ ವಾಸನೆ ಹೊಡೆಯುತ್ತಿದ್ದವು. ಮುಕ್ಕಾಲು ಒಣಗುವುದು ಇಲ್ಲಿ ಸಣ್ಣ ಮಾತಲ್ಲ. ಮಳೆಗಾಲದ ವಸ್ತಿಯಲ್ಲಿ ಸಂಪೂರ್ಣ ಒಣ ಬಟ್ಟೆ ಅಂತ ನಿಮ್ಮ ಹತ್ತಿರ ಇರುವುದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡ ಒಂದು ಜೊತೆ ಮಾತ್ರ. ಅದನ್ನು ರಾತ್ರಿ ಮಲಗುವಾಗ ಹಾಕಬೇಕು, ಬೆಳಿಗ್ಗೆ ತೆಗೆದು ಮತ್ತೆ ಕಟ್ಟಿಡಬೇಕು, ಒದ್ದೆಯದನ್ನೇ ಮೈಗೇರಿಸಬೇಕು. ಎಷ್ಟೇ ಬೇಸರವಾದರೂ ಈ ನಿಯಮ ಮುರಿಯಬಾರದು. ಮುರಿದವನು ಮರುದಿನ ರಾತ್ರಿ ಚಳಿಯಲ್ಲಿ ನಡುಗುತ್ತಾನೆ.

ನಮ್ಮಲ್ಲೊಬ್ಬ ಜೈನ. ಚಾತುರ್ಮಾಸ ಶುರುವಾಗಿತ್ತು. ಗೆಡ್ಡೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಇವನನ್ನು ಕಟ್ಟಿಕೊಂಡು ಹೇಗಪ್ಪಾ ಅಂತ ನಮಗೆ ಚಿಂತೆ. ಆದರೆ ಆ ಮನೆಯಲ್ಲಿ ಎಲ್ಲರ ಊಟವೂ ಕತ್ತಲಾಗುವ ಮೊದಲೇ! ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು. ನಾಚಣಿ ಭಾಕರಿ, ಹುರುಳಿ ಹಿಟ್ಟಿನ ಝುಣಕ, ಕೆಂಪಕ್ಕಿ ಅನ್ನ. ಅವನಿಗೆ ಝುಣಕ ಬೇರೆ ಪಾತ್ರೆಯಲ್ಲಿ, ಬರೀ ಮೆಣಸಿನಕಾಯಿ ಹಾಕಿ ಮಾಡಿಕೊಟ್ಟರು. ನಾಚಣಿ ನಮ್ಮ ರಾಗಿಯೇ. ಜೋಳದ ರೊಟ್ಟಿ ತಿಂದು ಬೆಳೆದ ನಾಲಿಗೆಗೆ ಮೊದಲ ತುತ್ತು ಬಿಗಿ ಅನಿಸಿತು. ಮೂರನೆಯ ಭಾಕರಿ ಹೊತ್ತಿಗೆ ಹೊಂದಿಕೊಂಡಿತು.

ಎಂಟೂವರೆಗೆ ದೀಪ ಆರಿತು. ನಮ್ಮ ಜಾಗ ಪಡಸಾಲೆ, ಗೋದಲಿಯ ಪಕ್ಕ. ಹಾಸಲು ಗೊಬ್ಬರದ ಚೀಲ ಹೊಲಿದು ಮಾಡಿದ ತಟ್ಟು, ಹೊದೆಯಲು ಘೋಂಗಡಿ, ಅಂದರೆ ಕರಿಕಂಬಳಿ. ಕಂಬಳಿ ಚುಚ್ಚುತ್ತದೆ, ಕುರಿಯ ವಾಸನೆ ಬರುತ್ತದೆ, ಒದ್ದೆಯಾಗಿದ್ದರೂ ಬೆಚ್ಚಗಿಡುತ್ತದೆ. ಎಮ್ಮೆಗಳು ರಾತ್ರಿಯಿಡೀ ಮೆಲುಕು ಹಾಕುತ್ತವೆ, ಉಚ್ಚೆ ಹೊಯ್ಯುತ್ತವೆ, ಉಸಿರು ಬಿಡುತ್ತವೆ. ಹಂಚಿನ ಮೇಲೆ ಮಳೆ. ಒಂದು ಕಡೆ ಸೋರುತ್ತಿತ್ತು, ಕೆಳಗೆ ತಂಬಿಗೆ ಇಟ್ಟಿದ್ದರು. ಇಯರ್‌ಪ್ಲಗ್ ತರಬೇಕಿತ್ತು ಅಂದ ಒಬ್ಬ. ಹೇಳಿದ ಐದು ನಿಮಿಷಕ್ಕೆ ಅವನದೇ ಗೊರಕೆ.

ಎರಡನೆಯ ದಿನ

ಬೆಳಗಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಈಗ ಬಹಳ ಮನೆಗಳಿಗೆ ಪಾಯಖಾನೆ ಇದೆ, ಮನೆಯಿಂದ ಸ್ವಲ್ಪ ದೂರ, ತಗಡಿನ ಬಾಗಿಲು. ನೀರು ನೀವೇ ಒಯ್ಯಬೇಕು. ಟಾರ್ಚು ಬೇಕು, ಚಪ್ಪಲಿ ಬೇಕು, ಕೋಲು ಬೇಕು. ಕೋಲಿನಿಂದ ಹುಲ್ಲು ಬಡಿದು ಸದ್ದು ಮಾಡುತ್ತ ಹೋದರೆ ಹಾವು ಸರಿದುಕೊಳ್ಳುತ್ತದೆ. ಸ್ನಾನದ ಮಾತು ಬಿಡಿ, ದಿನವಿಡೀ ಅದೇ ಆಗುತ್ತಿರುತ್ತದೆ. ಕುಡಿಯುವ ನೀರು ಝರಿಯಿಂದ ಪೈಪಿನಲ್ಲಿ ಬರುತ್ತದೆ, ಮಳೆಗಾಲದಲ್ಲಿ ಬಣ್ಣ ಸ್ವಲ್ಪ ಚಹಾದ ಹಾಗೆ. ರಾತ್ರಿ ಒಲೆಯಲ್ಲಿ ಕೆಂಡ ಇರುವಾಗಲೇ ಒಂದು ಪಾತ್ರೆ ನೀರು ಕುದಿಸಿಡಲು ಕೇಳಿಕೊಳ್ಳಿ. ಬೆಳಿಗ್ಗೆ ಕೇಳಿದರೆ ಒಲೆ ಭಾಕರಿಗೆ ಬೇಕಾಗಿರುತ್ತದೆ. ಮೊಬೈಲ್ ಚಾರ್ಜ್ ಮಾಡುವ ಆಸೆ ಇಟ್ಟುಕೊಳ್ಳಬೇಡಿ. ನೆಟ್‌ವರ್ಕೇ ಇಲ್ಲದ ಕಡೆ ಚಾರ್ಜ್ ಮಾಡಿ ಏನು ಮಾಡುತ್ತೀರಿ?

ಕರ್ಪೆವಾಡಿ ದಾಟಿದ ಮೇಲೆ ದಾರಿ ಗದ್ದೆಗಳ ನಡುವೆ. ನಾಟಿ ಇನ್ನೂ ನಡೆದಿತ್ತು. ಹೆಂಗಸರು ಬಗ್ಗಿ ಸಾಲಾಗಿ ನಾಟಿ ಮಾಡುತ್ತಿದ್ದರೆ ಬೆನ್ನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಬಿದಿರು, ಎಲೆಯಿಂದ ಹೆಣೆದ ಹಳೆಯ ಇರಲೆ ಒಂದೆರಡು ಮಾತ್ರ ಕಂಡವು. ನಮ್ಮ ಕಡೆ ಕಂಬಳಿ ಕೊಪ್ಪೆ ಹೋಗಿದ್ದೂ ಹೀಗೆಯೇ. ಗದ್ದೆಯ ಬದು ತುಳಿಯುವಾಗ ಹುಷಾರು. ಮೆತ್ತಗಿನ ಬದು ಕುಸಿದರೆ ಒಂದು ಗದ್ದೆಯ ನೀರು ಇನ್ನೊಂದಕ್ಕೆ ಹೋಗುತ್ತದೆ, ಬೈಗುಳ ನಿಮಗೆ ಬರುತ್ತದೆ. ಬರಬೇಕಾದ್ದೇ.

ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳ ಅಡ್ಡ ಬಂತು. ತೊಡೆ ಮಟ್ಟ ಇರಬಹುದು, ಆದರೆ ನೀರು ಕೆಂಪಗೆ, ಕಟ್ಟಿಗೆ ತುಂಡು ಹೊತ್ತು ಓಡುತ್ತಿತ್ತು. ಆಚೆ ದಡದಲ್ಲಿದ್ದ ದನಗಾಹಿ ಕೈ ಅಡ್ಡ ಮಾಡಿ ಕೂರಿರಿ ಅಂದ. ಕೂತೆವು. ಗುಡ್ಡದ ಹಳ್ಳ ಏರುವುದೂ ಬೇಗ, ಇಳಿಯುವುದೂ ಬೇಗ. ಮೇಲಿನ ಮಳೆ ಅರ್ಧ ತಾಸು ನಿಂತರೆ ಸಾಕು. ನೀರಿನ ನಡುವಿನ ಒಂದು ಕಲ್ಲು ಗುರುತಿಟ್ಟುಕೊಂಡು ನೋಡುತ್ತಿದ್ದೆವು. ಕಲ್ಲಿನ ತಲೆ ಕಂಡಿತು, ಆಮೇಲೆ ಹೆಗಲು ಕಂಡಿತು. ಆಗ ಅವನೇ ಇಳಿದು ಬಂದು, ಎಲ್ಲಿ ಕಾಲಿಡಬೇಕು ತೋರಿಸಿ, ಒಬ್ಬೊಬ್ಬರನ್ನೇ ದಾಟಿಸಿದ. ಇಂಥ ಕಡೆ ಧೈರ್ಯ ತೋರಿಸುವವರನ್ನು ನಾನು ನಂಬುವುದಿಲ್ಲ. ಪೂರದ ನೀರು ನೋಡಿ ಬೆಳೆದವರಿಗೆ ಈ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಿಲ್ಲ, ನೀರು ಹೂಂ ಅಂದರೆ ಹೋಗುವುದು, ಇಲ್ಲಾಂದರೆ ಕೂರುವುದು.

ಪಾಟೇವಾಡಿ ಕಡೆಗೆ ಕಾಡು ದಟ್ಟವಾಗುತ್ತದೆ, ಜಿಗಣೆ ಶುರುವಾಗುತ್ತವೆ. ಮಲೆನಾಡಿನವರು ಉಂಬಳ ಅನ್ನುವುದು ಇದನ್ನೇ. ಎಲೆಯ ತುದಿಯಲ್ಲಿ ನಿಂತು ಗಾಳಿಯಲ್ಲಿ ಹುಡುಕುತ್ತಿರುತ್ತವೆ. ಎಲ್ಲರೂ ಉಪ್ಪಿನ ಪುಡಿಕೆ ತೆಗೆದರು. ನಮ್ಮ ಜೈನ ಗೆಳೆಯ ಒಪ್ಪಲಿಲ್ಲ. ಉಪ್ಪು ಹಾಕಿದರೆ ಸಾಯುತ್ತದಲ್ಲ! ಅವನು ಉಗುರಿನ ಅಂಚನ್ನು ಜಿಗಣೆಯ ಬಾಯಿಯ ಬುಡಕ್ಕೆ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸುತ್ತಿದ್ದ. ಬಾಯಿ ಬಿಟ್ಟಿತು ಅಂದರೆ ಆಚೆ ತುದಿಯನ್ನೂ ಬಿಡಿಸಿ ಎಲೆಯ ಮೇಲೆ ಬಿಡುತ್ತಿದ್ದ. ನೋಡಿದರೆ ಅವನ ರೀತಿಯೇ ಒಳ್ಳೆಯದು. ಎಳೆದು ಕಿತ್ತರೆ ಗಾಯ ಜಾಸ್ತಿ. ಜಿಗಣೆಯ ಜೊಲ್ಲಿನಲ್ಲಿ ಹಿರುಡಿನ್ ಅನ್ನುವ ಅಂಶ ಇರುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಬಿಟ್ಟ ಮೇಲೂ ತುಂಬಾ ಹೊತ್ತು ಸೋರುತ್ತದೆ. ನೋವಿಲ್ಲ, ಹೆದರಿಕೆ ಬೇಡ. ತೊಳೆದು ಒತ್ತಿ ಹಿಡಿದರೆ ಆಯಿತು. ಸಂಜೆ ಸೊಂಟದ ಪಟ್ಟಿಯ ಒಳಗೂ ಒಮ್ಮೆ ನೋಡಿಕೊಳ್ಳಿ.

ಆ ರಾತ್ರಿ ನಿಂತದ್ದು ಧನಗರವಾಡ್ಯದಲ್ಲಿ. ದಾರಿಯಲ್ಲಿ ಸಿಕ್ಕ ಎಮ್ಮೆ ಕಾಯುವ ಹುಡುಗರ ಹಿಂದೆಯೇ ಹೋದೆವು. ಗೌಳಿ ಧನಗರರ ಮನೆಗಳು ಊರಿನಿಂದ ಮೇಲೆ, ಕಾಡಿನ ಅಂಚಿಗೆ. ಇದೇ ದನಗರ ಗೌಳಿ ಜನ ನಮ್ಮ ಕರ್ನಾಟಕದ ಹಳಿಯಾಳ, ಯಲ್ಲಾಪುರದ ಕಾಡಿನಲ್ಲೂ ಇದ್ದಾರೆ. ಮನೆ ತಗ್ಗು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಬಿದಿರಿನ ಗೋಡೆಗೆ ಸಗಣಿ ಮೆತ್ತಿದ್ದರು, ಮೇಲೆ ಮೊದಲು ಹುಲ್ಲು, ಈಗ ತಗಡು. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಮನೆಯ ಮುಕ್ಕಾಲು ಪಾಲು ಎಮ್ಮೆಗಳದು, ಕಾಲು ಪಾಲು ಜನರದು. ಇಲ್ಲಿ ಪಡಸಾಲೆ ಇಲ್ಲ. ಒಲೆಯ ಸುತ್ತ ಎಲ್ಲರೂ ಒಟ್ಟಿಗೆ ಮಲಗಬೇಕು, ಮನೆಯ ಮಕ್ಕಳ ಸಮೇತ. ನಿಮಗೆ ನಿಮ್ಮದೇ ಕೋಣೆ, ನಿಮ್ಮದೇ ಮೂಲೆ ಬೇಕು ಅನಿಸಿದರೆ ಈ ದಾರಿ ನಿಮಗಲ್ಲ, ಟೆಂಟ್ ಹೊತ್ತುಕೊಂಡು ಬನ್ನಿ. ಆದರೆ ಜುಲೈ ಮಳೆಯಲ್ಲಿ ಟೆಂಟಿನ ಕಥೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಊಟಕ್ಕೆ ಭಾಕರಿ, ಮೆಣಸಿನಕಾಯಿ ಕುಟ್ಟಿ ಮಾಡಿದ ಖರ್ಡಾ, ಮೇಲೆ ಎಮ್ಮೆಯ ತುಪ್ಪ. ಹಾಲು ಹಾಕಿದ ಚಹಾ ಇಂಥ ಕಡೆ ಗಟ್ಟಿಯಾಗಿ ಬರುತ್ತದೆ ಅಂದುಕೊಂಡಿದ್ದೆವು. ಬಂದದ್ದು ಕರಿ ಚಹಾ. ಹಾಲು ಮಾರುವುದಕ್ಕೆ. ನಮ್ಮ ಬೆಲ್ಲದ ಪೆಂಟಿ ಬಿಚ್ಚಿ ಕೊಟ್ಟಾಗ ಮನೆಯ ಯಜಮಾನ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದು ಕೆಳಗಿನ ಕಬ್ಬಿನದು ಅಂದ. ಕೊಲ್ಹಾಪುರದ ಬೆಲ್ಲ ಎಲ್ಲರಿಗೂ ಗೊತ್ತು, ಆದರೆ ಮಳೆಗಾಲದಲ್ಲಿ ಅಂಗಡಿಗೆ ಇಳಿದು ಹೋಗಿ ತರುವುದು ಅವರಿಗೆ ಒಂದು ದಿನದ ಕೆಲಸ. ಹೊತ್ತು ತರುವುದಿದ್ದರೆ ಇಂಥದ್ದನ್ನೇ ತನ್ನಿ. ಬೆಲ್ಲ, ಚಹಾಪುಡಿ, ಬೇಳೆ, ಬೆಂಕಿಪೊಟ್ಟಣ. ಚಾಕ್ಲೇಟು ಹಂಚಿ ಮಕ್ಕಳ ಫೋಟೋ ತೆಗೆಯುವ ಚಟ ಮಾತ್ರ ಬೇಡ.

ರಾತ್ರಿ ಅಂಗಳಕ್ಕೆ ಕಾಲಿಡಲು ಬಿಡಲಿಲ್ಲ. ಗವಾ ಬರುತ್ತವೆ ಅಂದರು. ಗವಾ ಅಂದರೆ ಕಾಡುಕೋಣ. ಹೊಸದಾಗಿ ಚಿಗುರಿದ ಹುಲ್ಲಿಗೆ, ಗದ್ದೆಯ ಸಸಿಗೆ ಬರುತ್ತವೆ. ಹೊರಗೆ ಹೋಗಲೇಬೇಕಾದರೆ ಮನೆಯವರನ್ನು ಎಬ್ಬಿಸಿ ಅಂದರು. ಎಬ್ಬಿಸಲು ಸಂಕೋಚಪಟ್ಟು ನಮ್ಮಲ್ಲೊಬ್ಬ ಬೆಳಗಿನವರೆಗೂ ತಡೆದುಕೊಂಡ. ಯಾರು ಅಂತ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ದುಡ್ಡಿನ ವಿಷಯ. ಮೊದಲ ಮನೆಯಲ್ಲಿ ಊಟಕ್ಕೆ ಇಷ್ಟು ಅಂತ ಹೇಳಿದ್ದರು, ಗುಂಪುಗಳು ಬಂದು ಹೋಗಿ ಅಭ್ಯಾಸ. ಧನಗರವಾಡ್ಯದಲ್ಲಿ ಹೇಳಲೇ ಇಲ್ಲ. ಬೆಳಿಗ್ಗೆ ಯಜಮಾನನಿಗೆ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡ. ಆಮೇಲೆ ಒಲೆಯ ಮುಂದಿದ್ದ ಸೊಸೆಯ ಕೈಗೆ, ಮಕ್ಕಳಿಗೆ ಅಂತ ಹೇಳಿ ಕೊಟ್ಟೆವು. ಅವಳು ಅತ್ತೆಯ ಮುಖ ನೋಡಿದಳು, ಅತ್ತೆ ಒಲೆ ನೋಡಿದಳು, ನೋಟು ಸೆರಗಿನ ಗಂಟಿಗೆ ಹೋಯಿತು. ಕೆಳಗಿನ ಊರಿನ ಮನೆಗೆ ಕೊಟ್ಟದ್ದಕ್ಕಿಂತ ಕಡಿಮೆ ಕೊಡಬೇಡಿ. ಇಲ್ಲಿ ಪ್ರತಿ ಹಿಟ್ಟಿನ ಚೀಲ ಹೆಗಲ ಮೇಲೆ ಬಂದದ್ದು.

ಮೂರನೆಯ ದಿನ

ಪಾಂಢರಪಾಣಿಯವರೆಗೆ ಹೇಳುವಂಥದ್ದೇನಿಲ್ಲ. ಕೆಸರು, ಮತ್ತೆ ಕೆಸರು. ಟಾರು ರಸ್ತೆ ಕಂಡಾಗ ಕಾಲಿಗೆ ಸಮಾಧಾನ, ಮನಸ್ಸಿಗೆ ಸ್ವಲ್ಪ ಬೇಜಾರು.

ಪಾವನಖಿಂಡ ರಸ್ತೆಯಿಂದ ಸ್ವಲ್ಪವೇ ದೂರ. ಮೇಲೆ ಸ್ಮಾರಕ, ಅಲ್ಲಿಂದ ಕೆಳಗೆ ಕಬ್ಬಿಣದ ಮೆಟ್ಟಿಲು, ಕೆಳಗೆ ಎರಡು ಬಂಡೆಗಳ ನಡುವೆ ನೀರು ಹರಿಯುವ ಸಂದು. ಆಗ ಇದರ ಹೆಸರು ಘೋಡಖಿಂಡ. ಇಲ್ಲಿ ಬಾಜಿ ಪ್ರಭು ಸುಮಾರು ಮುನ್ನೂರು ಜನರೊಂದಿಗೆ ನಿಂತು, ಮಹಾರಾಜರು ಮುಟ್ಟಿದರು ಅಂತ ತಿಳಿಸುವ ತೋಪಿನ ಸದ್ದು ವಿಶಾಳಗಡದಿಂದ ಕೇಳುವವರೆಗೆ ಬಿಜಾಪುರದ ಸೈನ್ಯವನ್ನು ತಡೆದರು ಅಂತ ಕಥೆ. ಪನ್ಹಾಳದಲ್ಲಿ ಮಹಾರಾಜರ ವೇಷ ಹಾಕಿ ಪಾಲಕಿಯಲ್ಲಿ ಕೂತು ಶತ್ರುವಿನ ಕೈಗೆ ಸಿಕ್ಕಿ ಪ್ರಾಣ ಕೊಟ್ಟ ಶಿವಾ ಕಾಶಿದ್ ಹೆಸರು ಇದಕ್ಕಿಂತ ಕಡಿಮೆ ಕೇಳಿಬರುತ್ತದೆ. ನನಗೇಕೋ ಅವನ ನೆನಪೇ ಜಾಸ್ತಿ ಆಯಿತು. ಬಾಜಿಯ ಕೈಯಲ್ಲಿ ಕತ್ತಿಯಾದರೂ ಇತ್ತು. ಇನ್ನೊಂದು ಮಾತು: ಆ ಜನ ರಾತ್ರಿ ಹೊರಟು ಮರುದಿನ ಇಲ್ಲಿದ್ದರು, ಪಾಲಕಿ ಹೊತ್ತುಕೊಂಡು. ನಾವು ಮಧ್ಯೆ ಎರಡು ಕಡೆ ಬೆಚ್ಚಗೆ ಮಲಗಿ ಬಂದು ಕಾಲು ನೋವು ಅನ್ನುತ್ತಿದ್ದೆವು.

ಸಂದಿನ ನೀರಿಗೆ ಕೈ ಅದ್ದಿ ಒಬ್ಬ ಕೇಳಿದ, "ಇದೂ ಕಾಸಾರಿಗೇ ಹೋಗತದೇನು?" ಹೋಗುತ್ತದೆ ಅಂದರು ಅಲ್ಲಿದ್ದ ಚಹಾದ ಅಂಗಡಿಯವರು. "ಹಂಗಾರ ನಮ್ಮಕಿಂತ ಮೊದಲ ಊರು ಮುಟ್ಟತದ ಬಿಡು," ಅಂದ. ಅಂಗಡಿಯವರಿಗೆ ನಾವು ಎಲ್ಲಿಯವರು ಅಂತ ಗೊತ್ತಾಗಿ, ಈ ಸಲ ನಿಮ್ಮ ಕಡೆ ನೀರು ಎಷ್ಟು ಬಂದಿದೆ ಅಂತ ಕೇಳಿದರು. ಇಷ್ಟು ದಿನ ಗುಡ್ಡದಲ್ಲಿ ಯಾರೂ ಕೇಳದ ಪ್ರಶ್ನೆ. ಇನ್ನೂ ಓಣಿಗೆ ಬಂದಿಲ್ಲ ಅಂದೆವು. ಇಲ್ಲಿ ಇನ್ನು ಒಂದು ವಾರ ಹೀಗೇ ಹೊಡೆಯುತ್ತದೆ, ದನ ಮೇಲೆ ಕಟ್ಟಿಕೊಳ್ಳಿ ಅಂದರು.

ವಿಶಾಳಗಡಕ್ಕೆ ಹೋಗಲಿಲ್ಲ. ಗಡದ ಮೇಲೆ ಹೋಗಲು ಆಗಾಗ ನಿರ್ಬಂಧ ಇರುತ್ತದೆ, ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪಾಂಢರಪಾಣಿಯಿಂದ ಮಲಕಾಪುರಕ್ಕೆ ಜೀಪು ಸಿಕ್ಕಿತು. ರತ್ನಾಗಿರಿ ರಸ್ತೆಯ ಮೇಲಿನ ಊರು ಅದು, ಅಲ್ಲಿಂದ ಕೊಲ್ಹಾಪುರಕ್ಕೆ ಬಸ್ಸಿಗೆ ಕೊರತೆಯಿಲ್ಲ. ಜೀಪಿನಲ್ಲಿ ಸೀಟಿಗೆ ಮೂವರ ಜಾಗದಲ್ಲಿ ಐವರು. ಹೊಗೆ, ಎಮ್ಮೆ, ಒಣಮೀನು, ಕುರಿಕಂಬಳಿ, ಎಲ್ಲದರ ವಾಸನೆ ನಮ್ಮ ಮೇಲಿತ್ತು. ಪಕ್ಕ ಕೂತ ಹೆಂಗಸು ಮೂಗಿಗೆ ಸೆರಗು ಹಿಡಿಯಲಿಲ್ಲ. ಯಾವ ವಾಡಿಯಲ್ಲಿ ವಸ್ತಿ ಇದ್ದಿರಿ ಅಂತ ಕೇಳಿದಳು. ಹೇಳಿದೆವು. ಅದು ಅವಳ ತವರಿನ ಪಕ್ಕದ ವಾಡಿ. ನಾಟಿ ಮುಗಿಯಿತಾ ಅಂತ ಕೇಳಿದಳು. ಇನ್ನೂ ಕೆಳಗಿನ ಗದ್ದೆಗಳು ಉಳಿದಿವೆ ಅಂದೆವು, ನಮಗೇ ಆ ಗದ್ದೆಗಳ ಲೆಕ್ಕ ಗೊತ್ತಿರುವವರ ಹಾಗೆ.